ಬಡಾವಣೆಯೊಳಗೆ ನಡೆಯುವ ದಾರಿ, ಸೈಕಲ್ ದಾರಿ: ಮೈಸೂರಿಗೆ ಬೇಕಿರುವುದು ಜೋಡಿಸುವ ಕೆಲಸ

ನಮ್ಮ ಮನೆ ಮೈಸೂರಿನ ರಿಂಗ್ ರೋಡ್ ಹತ್ತಿರದ ಒಂದು ಬಡಾವಣೆಯಲ್ಲಿದೆ. ಮಹಡಿ ಮೇಲೆ ನಿಂತರೆ ಮಗಳ ಸ್ಕೂಲು ಕಾಣುತ್ತದೆ. ಗಾಳಿ ಈ ಕಡೆ ಬೀಸಿದರೆ ಬೆಲ್ಲು ಕೂಡ ಕೇಳಿಸುತ್ತದೆ. ನೇರ ಹೋದರೆ 600 ಮೀಟರ್ ಇರಬಹುದು. ಆದರೆ ನೇರ ಹೋಗುವುದಕ್ಕೆ ದಾರಿಯೇ ಇಲ್ಲ. ನಮ್ಮ ಬಡಾವಣೆಗೂ ಪಕ್ಕದ ಬಡಾವಣೆಗೂ ನಡುವೆ ಕಾಂಪೌಂಡ್ ಗೋಡೆ ಇದೆ, ಹಾಗಾಗಿ ಮುಖ್ಯರಸ್ತೆಗೆ ಬಂದು, ಅಲ್ಲಿ ಲಾರಿ ಬಸ್ಸುಗಳ ಪಕ್ಕ ನಡೆದು, ಮತ್ತೆ ಆ ಬಡಾವಣೆಯ ಕಮಾನಿನ ಒಳಗೆ ಹೋಗಬೇಕು. ಅಷ್ಟಕ್ಕೆ ಎರಡು ಕಿಲೋಮೀಟರ್ ಆಗುತ್ತದೆ. ಮೊದಲು ಆ ಗೋಡೆಯಲ್ಲಿ ಒಂದು ಕಡೆ ಕಲ್ಲು ಬಿದ್ದು ಸಂದಿಯಾಗಿತ್ತು. ಮಕ್ಕಳು, ಮನೆಕೆಲಸಕ್ಕೆ ಬರುವ ಹೆಂಗಸರು, ಹಾಲು ತರಲು ಹೋಗುವ ವಯಸ್ಸಾದವರು ಎಲ್ಲರೂ ಅಲ್ಲೇ ನುಸುಳಿ ಹೋಗುತ್ತಿದ್ದರು. ಆಮೇಲೆ ಯಾರದೋ ಮನೆಯಲ್ಲಿ ಕಳ್ಳತನ ಆಯಿತು ಅಂತ ಸಂದಿ ಮುಚ್ಚಿದರು. ಮಾರನೆ ದಿನದಿಂದ ನಮ್ಮ ಬೀದಿಯ ಮಕ್ಕಳೆಲ್ಲ ಸ್ಕೂಟರ್ ಹಿಂದೆ ಕೂತು ಸ್ಕೂಲಿಗೆ ಹೋಗತೊಡಗಿದರು.

ಬಡಾವಣೆಯಲ್ಲಿ ನಡೆಯುವ ದಾರಿ, ಸೈಕಲ್ ದಾರಿ ಅಂದಾಗಲೆಲ್ಲ ನನಗೆ ಈ ಗೋಡೆ ನೆನಪಾಗುತ್ತದೆ. ನಿವಾಸಿಗಳ ಸಂಘದ ಸಭೆಯಲ್ಲಿ ಯಾರಾದರೂ ವಾಕಿಂಗ್ ಪಾತ್ ಮಾಡಿಸಿ ಅಂದರೆ ತಕ್ಷಣ ಎಲ್ಲರ ಕಣ್ಣ ಮುಂದೆ ಬರುವುದು ಪಾರ್ಕು. ಪಾರ್ಕಿನ ಸುತ್ತ ಟೈಲ್ಸ್ ಹಾಕಿದ ಒಂದು ಸುತ್ತು, ನಾಲ್ಕು ಸಿಮೆಂಟ್ ಬೆಂಚು, ಒಂದು ಗೇಟು. ಅದು ಬೇಡ ಅಂತ ನಾನು ಹೇಳುತ್ತಿಲ್ಲ. ನಮ್ಮಮ್ಮ ದಿನಾ ಬೆಳಿಗ್ಗೆ ಅಲ್ಲೇ ಆರು ಸುತ್ತು ಹಾಕುತ್ತಾರೆ. ಆದರೆ ಅದು ಸುತ್ತು ಹಾಕುವ ದಾರಿ, ಹೋಗುವ ದಾರಿಯಲ್ಲ. ಅದೇ ಅಮ್ಮ ಸಂಜೆ ದೇವಸ್ಥಾನಕ್ಕೆ ಹೋಗಬೇಕಾದರೆ ಆಟೋ ಹಿಡಿಯುತ್ತಾರೆ, ದೂರ ಅಂತ ಅಲ್ಲ, ನಡುವೆ ಒಂದು ರಸ್ತೆ ದಾಟಬೇಕು ಅಂತ. ಬೆಳಿಗ್ಗೆ ಮೂರು ಕಿಲೋಮೀಟರ್ ನಡೆಯುವ ಕಾಲಿಗೆ ಸಂಜೆ ಅರ್ಧ ಕಿಲೋಮೀಟರ್ ನಡೆಯಲು ದಾರಿ ಇಲ್ಲ!

ಒಬ್ಬ ಮನುಷ್ಯ 10 ನಿಮಿಷ ನಡೆದರೆ 700ರಿಂದ 800 ಮೀಟರ್ ಹೋಗುತ್ತಾನೆ. ಅದೇ 10 ನಿಮಿಷ ನಿಧಾನವಾಗಿ ಸೈಕಲ್ ತುಳಿದರೆ ಎರಡೂವರೆ ಕಿಲೋಮೀಟರ್. ಕುವೆಂಪುನಗರವೋ ದಟ್ಟಗಳ್ಳಿಯೋ ಜೆ.ಪಿ. ನಗರವೋ, ನಮ್ಮ ದಿನದ ಕೆಲಸಗಳಲ್ಲಿ ಎಷ್ಟು ಈ ಎರಡೂವರೆ ಕಿಲೋಮೀಟರ್ ಒಳಗೆ ಬರುತ್ತವೆ ಅಂತ ನೋಡಿ. ಸ್ಕೂಲು, ನಂದಿನಿ ಬೂತು, ತರಕಾರಿ, ಮೆಡಿಕಲ್ ಶಾಪ್, ಬಸ್ ಸ್ಟಾಪು, ಟ್ಯೂಷನ್ನು ಬಹುಪಾಲು ಬರುತ್ತವೆ. ಇಷ್ಟು ಹತ್ತಿರದ ಜಾಗಗಳಿಗೂ ಗಾಡಿ ತೆಗೆಯಬೇಕಾದರೆ ಅದು ಸೋಮಾರಿತನ ಅಲ್ಲ. ದಾರಿ ತುಂಡು ತುಂಡಾಗಿದೆ, ಅದೇ ಕಾರಣ.

ದಾರಿ ಎಲ್ಲಿ ಬೇಕು ಅಂತ ತಿಳಿಯಲು ದೊಡ್ಡ ಸರ್ವೇ ಏನೂ ಬೇಕಿಲ್ಲ. ಖಾಲಿ ಸೈಟುಗಳನ್ನು ನೋಡಿದರೆ ಸಾಕು. ಪಾರ್ಥೇನಿಯಂ ಎದೆಮಟ್ಟ ಬೆಳೆದ ಸೈಟಿನ ನಡುವೆ ಒಂದೂವರೆ ಅಡಿ ಅಗಲದ ಕಾಲುದಾರಿ ಸವೆದಿರುತ್ತದೆ, ನೆಲ ಗಟ್ಟಿಯಾಗಿ ಹುಲ್ಲೇ ಬೆಳೆಯದ ಹಾಗೆ. ಅದನ್ನು ಯಾವ ಎಂಜಿನಿಯರೂ ಮಾಡಿಲ್ಲ. ದಿನಾ ನಡೆಯುವವರ ಪಾದಗಳೇ ಮಾಡಿದ್ದು. ಯಾವುದೇ ಬಡಾವಣೆಯಲ್ಲಿ ಒಂದು ವಾರ ಬೆಳಿಗ್ಗೆ ಎಂಟರಿಂದ ಒಂಬತ್ತು, ಸಂಜೆ ನಾಲ್ಕರಿಂದ ಆರರವರೆಗೆ ನಾಲ್ಕು ಮೂಲೆಗಳಲ್ಲಿ ನಿಂತು ಯಾರು ಎಲ್ಲಿಂದ ಎಲ್ಲಿಗೆ ಹೋಗುತ್ತಾರೆ ಅಂತ ಗುರುತು ಹಾಕಿಕೊಂಡರೆ ಮುಕ್ಕಾಲು ಪಾಲು ನಕ್ಷೆ ಅಲ್ಲೇ ಸಿದ್ಧವಾಗುತ್ತದೆ. ಕಷ್ಟ ಇರುವುದು ಸೈಟಿನಲ್ಲಿ ಮನೆ ಏಳುವ ದಿನ. ಮಾಲೀಕರ ಜಾಗ, ಕಟ್ಟಲೇಬೇಕು. ಕಾಲುದಾರಿ ಮಾಯವಾಗುತ್ತದೆ. ಅದಕ್ಕೇ ಈ ದಾರಿಗಳನ್ನು ಸಾರ್ವಜನಿಕ ಜಾಗದಲ್ಲಿ ಮೊದಲೇ ಹುಡುಕಿ ಇಟ್ಟುಕೊಳ್ಳಬೇಕು.

ಈ ವಿಷಯದಲ್ಲಿ ಹಳೇ ಮೈಸೂರು ಪುಣ್ಯ ಮಾಡಿದೆ. 19ನೇ ಶತಮಾನದ ಕೊನೆಯಲ್ಲಿ ಪ್ಲೇಗ್ ಬಂದು ಊರು ತತ್ತರಿಸಿದ ಮೇಲೆ, 1903ರಲ್ಲಿ ಇಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಶುರುವಾಯಿತು. ನಮ್ಮ ಅಜ್ಜಂದಿರು ಸಿಐಟಿಬಿ ಅನ್ನುತ್ತಿದ್ದರಲ್ಲ, ಅದೇ. ಗಾಳಿ ಬೆಳಕು ಓಡಾಡುವ ಹಾಗೆ ಬಡಾವಣೆ ಮಾಡಬೇಕು ಅನ್ನುವುದು ಅದರ ಮುಖ್ಯ ಯೋಚನೆ. ಅಂಥ ಹಳೆಯ ಬಡಾವಣೆಗಳಲ್ಲಿ ಎರಡು ಸಾಲು ಮನೆಗಳ ಹಿತ್ತಿಲ ನಡುವೆ ಒಂದು ಕಿರುದಾರಿ ಇರುತ್ತದೆ. ಅದಕ್ಕೆ ಇಲ್ಲಿಯವರು ಹೇಳುವುದು ಕನ್ಸರ್ವೆನ್ಸಿ. ಒಳಚರಂಡಿ ಇಲ್ಲದ ಕಾಲದಲ್ಲಿ ಮನೆಗಳ ಹಿಂದಿನ ಕಕ್ಕಸು ಸ್ವಚ್ಛ ಮಾಡುವವರು ಮುಂಬಾಗಿಲ ಕಡೆ ಬರದೆ ಹಿಂದಿನಿಂದಲೇ ಬಂದು ಹೋಗಲಿ ಅಂತ ಮಾಡಿದ ದಾರಿ ಅದು. ಆ ಇತಿಹಾಸದಲ್ಲಿ ಜಾತಿಯ ಕಹಿ ಇದೆ, ಅದನ್ನು ಮರೆಯಬಾರದು. ಕೆಲವರಿಗೆ ಮಾತ್ರ ಅಂತ ಹಿಂದಕ್ಕೆ ತಳ್ಳಿದ್ದ ಅದೇ ದಾರಿಯಲ್ಲಿ ಇವತ್ತು ಎಲ್ಲರೂ ನಡೆಯುವಂತಾದರೆ ಎಷ್ಟು ಒಳ್ಳೆಯದು ಅಂತ ನನಗೆ ಬಹಳ ಸಲ ಅನ್ನಿಸಿದೆ.

ಒಳಚರಂಡಿ ಬಂದ ಮೇಲೆ ಕನ್ಸರ್ವೆನ್ಸಿಗಳಿಗೆ ಯಜಮಾನರೇ ಇಲ್ಲದಂತಾಯಿತು. ಕೆಲವು ಕಡೆ ಹಿಂದಿನ ಮನೆಯವರು ಗೋಡೆಯನ್ನು ಎರಡಡಿ ಮುಂದಕ್ಕೆ ತಂದರು. ಕೆಲವು ಕಡೆ ಕಟ್ಟಡದ ಅವಶೇಷ, ಎಳನೀರು ಬುರುಡೆ, ಹಳೇ ಹಾಸಿಗೆ ಬಂದು ಬಿದ್ದವು. ಆದರೂ ಜಾಗ ಇನ್ನೂ ಸಾರ್ವಜನಿಕರದ್ದೇ. ಒಂದರ ತುದಿಯಿಂದ ಇನ್ನೊಂದರ ತುದಿಗೆ ಅಡ್ಡರಸ್ತೆ ದಾಟಿಕೊಂಡು ಹೋದರೆ ಮುಖ್ಯರಸ್ತೆಗೆ ಕಾಲಿಡದೆ ಬಹಳ ದೂರ ಹೋಗಬಹುದು. ಹೊಸದಾಗಿ ಭೂಸ್ವಾಧೀನ ಬೇಕಿಲ್ಲ, ಯಾರ ಮನೆಯನ್ನೂ ಕೆಡವಬೇಕಿಲ್ಲ. ಇಂಥ ದಾರಿ ಬೇಕು ಅಂತ ಬೇರೆ ಊರುಗಳು ಕೋಟಿಗಟ್ಟಲೆ ಸುರಿಯುತ್ತವೆ, ಅಲ್ವಾ?

ಹಾಗಂತ ಸುಮ್ನೆ ಕಸ ಗುಡಿಸಿ ಟೈಲ್ಸ್ ಹಾಕಿದರೆ ಕನ್ಸರ್ವೆನ್ಸಿ ನಡೆಯುವ ದಾರಿ ಆಗುವುದಿಲ್ಲ. ಎರಡೂ ಕಡೆ ಆಳೆತ್ತರದ ಹಿಂಗೋಡೆ, ಒಂದು ಕಿಟಕಿಯೂ ಇಲ್ಲ, ನಡುವೆ ಎಲ್ಲೂ ಹೊರಗೆ ಬರಲು ದಾರಿಯಿಲ್ಲ. ಸಂಜೆ ಏಳಕ್ಕೆ ಟ್ಯೂಷನ್ ಮುಗಿಸಿ ಬರುವ ಹುಡುಗಿಯನ್ನು ಅಲ್ಲಿ ಕಳಿಸುತ್ತೀರಾ ಅಂತ ನನ್ನನ್ನು ಕೇಳಿದರೆ, ಈಗಿನ ಸ್ಥಿತಿಯಲ್ಲಿ ಇಲ್ಲ ಅಂತಲೇ ಹೇಳುತ್ತೇನೆ. ದಾರಿಯ ಭದ್ರತೆ ಮುಖ್ಯವಾಗಿ ಬರುವುದು ಕಣ್ಣುಗಳಿಂದ. ಹಿಂಬಾಗಿಲು ತೆರೆದಿರಬೇಕು, ಅಡುಗೆಮನೆ ಕಿಟಕಿ ದಾರಿಗೆ ಕಾಣಬೇಕು, ಗೋಡೆ ಎದೆಮಟ್ಟಕ್ಕೆ ಇಳಿದು ಅದರ ಮೇಲೆ ಬೇಕಾದರೆ ಜಾಲರಿ ಬರಬೇಕು. ದೀಪ ತುಂಬ ಎತ್ತರದಲ್ಲಿ ಇದ್ದರೆ ಮರದ ಕೊಂಬೆ ಮುಚ್ಚಿ ಕೆಳಗೆ ಕತ್ತಲೆಯೇ ಉಳಿಯುತ್ತದೆ. ಆಳೆತ್ತರಕ್ಕಿಂತ ಸ್ವಲ್ಪ ಮೇಲೆ, ಹತ್ತಿರ ಹತ್ತಿರ ಇದ್ದರೆ ಎದುರು ಬರುವವರ ಮುಖ ಕಾಣುತ್ತದೆ. ಬೀದಿನಾಯಿಗಳ ವಿಷಯವೂ ಇದೆ. ಊಟ ಬಿಸಾಡುವ ಜಾಗ ಇದ್ದಲ್ಲಿ ನಾಯಿಗಳು ಗುಂಪಾಗುತ್ತವೆ, ಕಸ ಬಿಸಾಡುವುದು ನಿಂತರೆ ಅರ್ಧ ತೊಂದರೆ ತಾನೇ ಕಡಿಮೆಯಾಗುತ್ತದೆ. ಎಲ್ಲ ಗಲ್ಲಿಯನ್ನೂ ಒಂದೇ ಸಲ ಹಿಡಿಯುವ ಬದಲು ಸ್ಕೂಲಿಗೋ ಮಾರ್ಕೆಟ್ಟಿಗೋ ಹೋಗುವ ಒಂದೇ ಒಂದು ಗಲ್ಲಿಯಿಂದ ಶುರು ಮಾಡಬೇಕು. ಜನ ಓಡಾಡುವ ಗಲ್ಲಿಗೆ ಕಸ ಬೀಳುವುದು ಕಡಿಮೆ.

ವಾಹನದ ದಾರಿ ಬೇರೆ, ನಡೆಯುವವರ ದಾರಿ ಬೇರೆ ಅನ್ನುವ ಯೋಚನೆ ನಮ್ಮ ದೇಶಕ್ಕೆ ಹೊಸದೇನೂ ಅಲ್ಲ. ಚಂಡೀಗಢವನ್ನು ಯೋಜಿಸುವಾಗ ಲೆ ಕಾರ್ಬುಸಿಯೇ ಅನ್ನುವ ವಾಸ್ತುಶಿಲ್ಪಿ ರಸ್ತೆಗಳನ್ನು ವಿ1, ವಿ2 ಅಂತ ಏಳು ಬಗೆಯಾಗಿ ವಿಂಗಡಿಸಿದ. ವಿ7 ಅಂದರೆ ಹಸಿರು ಪಟ್ಟಿಯೊಳಗಿನ ನಡಿಗೆಯ ದಾರಿ. ಆಮೇಲೆ ಸೈಕಲ್‌ಗಾಗಿ ವಿ8 ಸೇರಿತು. ನೆದರ್ಲೆಂಡ್ಸ್‌ನಲ್ಲಿ ಉಟ್ರೆಕ್ಟ್ ಹತ್ತಿರ ಹೌಟೆನ್ ಅಂತ ಒಂದು ಸಣ್ಣ ಊರಿದೆ, 1970ರ ದಶಕದಲ್ಲಿ ಯೋಜಿಸಿದ್ದು. ಅಲ್ಲಿ ಒಂದು ಬಡಾವಣೆಯಿಂದ ಇನ್ನೊಂದಕ್ಕೆ ಕಾರಿನಲ್ಲಿ ಹೋಗಬೇಕಾದರೆ ಊರ ಸುತ್ತಲಿನ ರಿಂಗ್ ರೋಡಿಗೆ ಹೋಗಿ ಸುತ್ತಿ ಬರಬೇಕು, ಸೈಕಲ್ ಮತ್ತು ಕಾಲ್ನಡಿಗೆಯವರು ಮಾತ್ರ ನೇರ ಹೋಗಬಹುದು. ನಮ್ಮಲ್ಲಿ ಸರಿಯಾಗಿ ತಿರುಗುಮುರುಗು ಆಗಿದೆ. ಕಾರಿಗೆ 42 ಕಿಲೋಮೀಟರ್ ರಿಂಗ್ ರೋಡೂ ಇದೆ, ನೇರ ದಾರಿಯೂ ಇದೆ. ನಡೆಯುವವರೇ ಸುತ್ತಬೇಕು.

ಈಗ ರಸ್ತೆಗಳ ಲೆಕ್ಕಕ್ಕೆ ಬರೋಣ, ಜಗಳ ಆಗುವುದು ಅಲ್ಲೇ. ದೇಶದ ರಸ್ತೆಗಳಿಗೆ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಐಆರ್‌ಸಿ 103 ಅನ್ನುವ ಮಾರ್ಗಸೂಚಿ ಪ್ರಕಾರ ಫುಟ್‌ಪಾತ್‌ನಲ್ಲಿ ಯಾವ ಅಡ್ಡಿಯೂ ಇಲ್ಲದ 1.8 ಮೀಟರ್ ಅಗಲ ಇರಬೇಕು. ಅಂದರೆ ಆರಡಿ, ಎರಡು ವೀಲ್‌ಚೇರ್ ಎದುರುಬದುರಾಗಿ ಹೋಗುವಷ್ಟು. ತಲೆಯ ಮೇಲೆ 2.2 ಮೀಟರ್ ಖಾಲಿ ಇರಬೇಕು. ರಸ್ತೆಯಿಂದ ಎತ್ತರ 15 ಸೆಂಟಿಮೀಟರ್ ದಾಟಬಾರದು. ನಮ್ಮ ಎಷ್ಟೋ ಫುಟ್‌ಪಾತ್‌ಗಳು ಚರಂಡಿಯ ಮೇಲಿನ ಚಪ್ಪಡಿ, ಅಷ್ಟೆ. ಚರಂಡಿ ಎಷ್ಟು ಎತ್ತರವೋ ಫುಟ್‌ಪಾತೂ ಅಷ್ಟೇ ಎತ್ತರ, ಮಂಡಿ ನೋವಿನವರು ಹತ್ತುವ ಹಾಗೇ ಇಲ್ಲ. ಪ್ರತಿ ಗೇಟಿನ ಮುಂದೆ ಒಂದು ಸಲ ಇಳಿದು ಮತ್ತೆ ಹತ್ತಬೇಕು. 40 ಅಡಿ ಸೈಟುಗಳ ಸಾಲಿನಲ್ಲಿ 12 ಮೀಟರಿಗೊಂದು ಗೇಟು. ಕಾಲು ಕಿಲೋಮೀಟರ್ ನಡೆಯಲು ಇಪ್ಪತ್ತು ಸಲ ಹತ್ತಿ ಇಳಿಯಬೇಕು ಅಂದರೆ ಯಾರು ತಾನೇ ಮೇಲೆ ನಡೆಯುತ್ತಾರೆ? ರಸ್ತೆಯಲ್ಲೇ ನಡೆಯುತ್ತಾರೆ. ಆಮೇಲೆ ಫುಟ್‌ಪಾತ್ ಯಾರೂ ಬಳಸುವುದಿಲ್ಲ ಅಂತ ಅವರನ್ನೇ ದೂರುತ್ತೇವೆ.

ಬಡಾವಣೆಯ ಒಳರಸ್ತೆಗಳು ಜಾಸ್ತಿ 30 ಅಡಿಯವು, ಅಂದರೆ 9 ಮೀಟರ್. ಎರಡೂ ಕಡೆ 1.8 ಮೀಟರ್ ಬಿಟ್ಟರೆ ಉಳಿಯುವುದು 5.4 ಮೀಟರ್. ಒಂದು ಕಡೆ ಕಾರು ನಿಂತರೆ 3.4. ಇದರಲ್ಲಿ ಸೈಕಲ್‌ಗೆ ಬೇರೆ ಪಥ ಮಾಡುತ್ತೇವೆ ಅನ್ನುವುದು ಆಗದ ಮಾತು, ಮಾಡಲೂಬಾರದು. ಇಂಥ ರಸ್ತೆಯಲ್ಲಿ ಬೇಕಾಗಿರುವುದು ವಾಹನದ ವೇಗ ಇಳಿಸುವುದು. ಗಂಟೆಗೆ 50 ಕಿಲೋಮೀಟರ್ ವೇಗದ ಕಾರು ಒಂದು ಸೆಕೆಂಡಿಗೆ ಸುಮಾರು 14 ಮೀಟರ್ ಹೋಗುತ್ತದೆ. ಚೆಂಡಿನ ಹಿಂದೆ ಮಗು ಓಡಿ ಬಂದಿದ್ದನ್ನು ನೋಡಿ ಬ್ರೇಕ್ ಮೇಲೆ ಕಾಲಿಡುವಷ್ಟರಲ್ಲೇ ಅಷ್ಟು ದೂರ ಹೋಗಿರುತ್ತದೆ. 30 ಕಿಲೋಮೀಟರ್ ವೇಗದಲ್ಲಿ ಅದೇ ಸೆಕೆಂಡಿಗೆ 8 ಮೀಟರ್ ಚಿಲ್ಲರೆ. ಜನ ಮತ್ತು ವಾಹನ ಬೆರೆತು ಓಡಾಡುವ ಕಡೆ ಮಿತಿ 30 ಇರಲಿ ಅಂತ 2020ರ ಸ್ಟಾಕ್‌ಹೋಮ್ ರಸ್ತೆ ಸುರಕ್ಷತಾ ಘೋಷಣೆಯೂ ಹೇಳಿದೆ. ಬೋರ್ಡ್ ಹಾಕಿದರೆ ಯಾರೂ ನಿಧಾನ ಮಾಡುವುದಿಲ್ಲ, ರಸ್ತೆಯೇ ನಿಧಾನ ಮಾಡಿಸಬೇಕು.

ಅದಕ್ಕೆ ಹಂಪ್ ಇದೆಯಲ್ಲ ಅನ್ನಬಹುದು. ಇದೆ, ಆದರೆ ಬೀದಿಯವರೇ ಉಳಿದ ಜಲ್ಲಿ ಸಿಮೆಂಟಿನಲ್ಲಿ ಒಂದೇ ರಾತ್ರಿಯಲ್ಲಿ ಕಟ್ಟುವ ಗೋಡೆಯಂಥ ಹಂಪು ಸೈಕಲ್ ತುಳಿಯುವವರಿಗೂ ಬೆನ್ನುನೋವಿನವರಿಗೂ ದೊಡ್ಡ ಹಿಂಸೆ. ಐಆರ್‌ಸಿ 99 ಹೇಳುವ ಹಂಪು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ, ಮೇಲೆ ದುಂಡಗೆ. ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಹೋದರೆ ಅಷ್ಟಾಗಿ ಕುಲುಕುವುದಿಲ್ಲ. ಇದಕ್ಕಿಂತ ಒಳ್ಳೆಯದು, ಅಡ್ಡರಸ್ತೆ ಬಂದು ಸೇರುವಲ್ಲಿ ಫುಟ್‌ಪಾತನ್ನು ಅದೇ ಎತ್ತರದಲ್ಲಿ ಮುಂದುವರಿಸುವುದು. ಆಗ ಕಾರು ಹತ್ತಿ ಇಳಿಯುತ್ತದೆ, ಅಜ್ಜಿ ಸಮತಟ್ಟಾಗಿ ನಡೆದು ಹೋಗುತ್ತಾರೆ.

ಸೈಕಲ್‌ಗೆ ಬೇರೆ ಪಥ ಬೇಕಾಗುವುದು 60 ಅಡಿ, 80 ಅಡಿಯ ರಸ್ತೆಗಳಲ್ಲಿ. ಅಲ್ಲಿ ವೇಗವೂ ಜಾಸ್ತಿ, ಜಾಗವೂ ಇದೆ. 18 ಮೀಟರ್ ರಸ್ತೆಯಲ್ಲಿ ಎರಡೂ ಕಡೆ ಎರಡೆರಡು ಮೀಟರ್ ಫುಟ್‌ಪಾತು, ಎರಡೆರಡು ಮೀಟರ್ ಸೈಕಲ್ ಪಥ ಬಿಟ್ಟರೂ 10 ಮೀಟರ್ ಉಳಿಯುತ್ತದೆ, ಅದರಲ್ಲಿ ಮರದ ಸಾಲು ತೆಗೆದರೂ ಎರಡು ಬಸ್ಸು ಎದುರುಬದುರು ಹೋಗಬಹುದು. ಹೋಗುವುದು ಏನು ಅಂದರೆ ರಸ್ತೆ ಬದಿಯ ಪಾರ್ಕಿಂಗ್. ಇದನ್ನು ಮೊದಲೇ ಬಿಚ್ಚಿ ಹೇಳಬೇಕು. ಯಾವ ನಷ್ಟವೂ ಇಲ್ಲದೆ ಎಲ್ಲರಿಗೂ ಎಲ್ಲವೂ ಸಿಗುತ್ತದೆ ಅಂತ ಸಭೆಯಲ್ಲಿ ಭರವಸೆ ಕೊಟ್ಟು, ಆಮೇಲೆ ಅಂಗಡಿಯವರು ಎದ್ದು ನಿಂತಾಗ ಯೋಜನೆಯನ್ನೇ ಕೈಬಿಡುವುದನ್ನು ನಾನು ಕಂಡಿದ್ದೇನೆ. ರಸ್ತೆ ಮೇಲೆ ಬರೀ ಬಿಳಿ ಗೆರೆ ಎಳೆದು ಸೈಕಲ್ ಚಿತ್ರ ಬಿಡಿಸಿದರೆ ಅದು ಒಂದೇ ವಾರದಲ್ಲಿ ಕಾರು ನಿಲ್ಲಿಸುವ ಜಾಗ ಆಗುತ್ತದೆ. ಸಣ್ಣದಾದರೂ ಒಂದು ಕಟ್ಟೆ, ಇಲ್ಲವೇ ಗಿಡದ ಸಾಲು ನಡುವೆ ಬೇಕೇ ಬೇಕು.

ಮೈಸೂರಿಗೆ ಸೈಕಲ್ ಹೊಸದಲ್ಲ. 2017ರ ಜೂನ್‌ನಲ್ಲಿ ಟ್ರಿಣ್ ಟ್ರಿಣ್ ಅನ್ನುವ ಬಾಡಿಗೆ ಸೈಕಲ್ ಯೋಜನೆ ಶುರುವಾದಾಗ ನಾವೆಲ್ಲ ಎಷ್ಟು ಹೆಮ್ಮೆಪಟ್ಟಿದ್ದೆವು! 450 ಸೈಕಲ್, ಊರ ತುಂಬ ಸುಮಾರು 50 ನಿಲ್ದಾಣ. ನಾನೂ ಕಾರ್ಡು ಮಾಡಿಸಿ ತಿಂಗಳುಗಟ್ಟಲೆ ತುಳಿದೆ. ಆಗ ಕಲಿತದ್ದು ಒಂದು. ಸೈಕಲ್ ಸಿಗುವುದು ಅರ್ಧ ಕೆಲಸ, ಉಳಿದರ್ಧ ಹೋಗುವ ದಾರಿ. ಬೆಳಿಗ್ಗೆ ಆರಕ್ಕೆ ಸ್ವರ್ಗ, ಒಂಬತ್ತೂವರೆಗೆ ಅದೇ ರಸ್ತೆಯಲ್ಲಿ ಬಸ್ಸಿನ ಹಾರನ್ನು ಬೆನ್ನ ಮೇಲೆ. ಬಾಡಿಗೆ ಸೈಕಲ್ ಯೋಜನೆಗಳ ಬಗ್ಗೆ ಜನಕ್ಕೆ ಆಸಕ್ತಿ ಇಲ್ಲ ಅಂತ ತೀರ್ಮಾನ ಮಾಡುವ ಮೊದಲು, ಮನೆ ಬಾಗಿಲಿನಿಂದ ಆ ನಿಲ್ದಾಣದವರೆಗೆ ಹನ್ನೆರಡು ವರ್ಷದ ಹುಡುಗ ಒಬ್ಬನೇ ಬರಬಲ್ಲನೇ ಅಂತ ನೋಡಬೇಕು. ಅವನು ಬರಬಲ್ಲನಾದರೆ ಎಲ್ಲರೂ ಬರುತ್ತಾರೆ.

ಇನ್ನೊಂದು ಬಗೆಯ ಜಾಗ ಇದೆ, ಕಾಲುವೆ ಬದಿ. ಕುಕ್ಕರಹಳ್ಳಿ ಕೆರೆಗೆ ನೀರು ತರುತ್ತಿದ್ದ ಪೂರ್ಣಯ್ಯ ನಾಲೆ ಇವತ್ತು ಬಡಾವಣೆಗಳ ನಡುವೆ ಅಲ್ಲಲ್ಲಿ ಕಳೆದುಹೋಗಿದೆ. ಇಂಥ ನಾಲೆ, ರಾಜಕಾಲುವೆಗಳ ಏರಿ ಸಮತಟ್ಟಾಗಿರುತ್ತದೆ, ನೀರು ಹರಿಯುವ ದಾರಿಗೆ ಏರಿಳಿತ ಕಡಿಮೆ. ಸೈಕಲ್‌ಗೆ ಇದಕ್ಕಿಂತ ಒಳ್ಳೆಯ ನೆಲ ಸಿಗುವುದಿಲ್ಲ. ಏರಿಯ ಮೇಲೆ ಜನ ದಿನಾ ಓಡಾಡಿದರೆ ಒತ್ತುವರಿಯೂ ಕಣ್ಣಿಗೆ ಬೀಳುತ್ತದೆ. ಆದರೆ ಕೆರೆಯ ಹತ್ತಿರ ಬಂದಾಗ ನಿಧಾನಿಸಬೇಕು. ಕುಕ್ಕರಹಳ್ಳಿ ಇರಲಿ, ಲಿಂಗಾಂಬುಧಿ ಇರಲಿ, ಅಲ್ಲಿ ಹಕ್ಕಿಗಳಿಗೆ ಕತ್ತಲೆ ಬೇಕು, ಮಣ್ಣು ಬೇಕು. ಕೆರೆ ಸುತ್ತ ಕಾಂಕ್ರೀಟ್ ಸುರಿದು ರಾತ್ರಿಯೆಲ್ಲ ದೀಪ ಉರಿಸಿದರೆ ವಾಕಿಂಗ್ ಮಾಡುವವರಿಗೂ ಕೊನೆಗೆ ನೋಡಲು ಏನೂ ಉಳಿಯುವುದಿಲ್ಲ. ಮಣ್ಣಿನ ದಾರಿಯೂ ದಾರಿಯೇ.

ಕಾನೂನು ನಮ್ಮ ಕಡೆ ಇದೆ. 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯೇ ವಾಹನಗಳಿಗಿಂತ ಜನರ ಓಡಾಟ ಮುಖ್ಯ ಅಂತ ಹೇಳಿದೆ. ನಮ್ಮ ರಾಜ್ಯದ ನಗರ ಭೂಸಾರಿಗೆ ನಿರ್ದೇಶನಾಲಯ ನಡೆಯುವವರು ಮತ್ತು ಸೈಕಲ್ ತುಳಿಯುವವರ ಹಕ್ಕಿನ ಬಗ್ಗೆ ಒಂದು ಮಸೂದೆಯ ಕರಡನ್ನೂ ಸಿದ್ಧಪಡಿಸಿತ್ತು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಸ್ಪಷ್ಟವಾಗಿ ಹೇಳಿತು: ಒತ್ತುವರಿ ಇಲ್ಲದ, ಅಂಗವಿಕಲರೂ ಬಳಸಬಹುದಾದ ಫುಟ್‌ಪಾತ್ ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ. ಬದುಕುವ ಹಕ್ಕು ಅನ್ನುವುದು ದೊಡ್ಡ ಮಾತಾಗಿ ಕೇಳಿಸಬಹುದು. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತ 1.68 ಲಕ್ಷ ಜನರಲ್ಲಿ 32 ಸಾವಿರಕ್ಕೂ ಹೆಚ್ಚು ಮಂದಿ ನಡೆದು ಹೋಗುತ್ತಿದ್ದವರು. ಹತ್ತಿರ ಹತ್ತಿರ ಐವರಲ್ಲಿ ಒಬ್ಬರು.

ಆದರೆ ಕಾನೂನು ಹಿಡಿದು ಮೊದಲು ಬಡಿಯುವುದು ಯಾರನ್ನು ಅಂತ ನೋಡಬೇಕು. ಫುಟ್‌ಪಾತ್ ತೆರವು ಅಂದರೆ ಲಾರಿ ಬರುತ್ತದೆ, ಸೊಪ್ಪು ಮಾರುವ ಅಮ್ಮನ ಬುಟ್ಟಿ ಎತ್ತಿಕೊಂಡು ಹೋಗುತ್ತದೆ. ಅವರಿಗೆ 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆಯ ರಕ್ಷಣೆ ಇದೆ, ಜಾಗ ಗುರುತಿಸಿ ಕೊಡಬೇಕು ಅಂತ ಅದು ಹೇಳುತ್ತದೆ. ನಿಜವಾಗಿ ಬಡಾವಣೆಯೊಳಗಿನ ಫುಟ್‌ಪಾತ್ ನುಂಗಿರುವುದು ನಾವು, ಮನೆ ಮಾಲೀಕರು. ಕಾರು ಹತ್ತಿಸಲು ರಸ್ತೆಯವರೆಗೆ ಚಾಚಿದ ರ‍್ಯಾಂಪು, ಕಂಬಿ ಹಾಕಿ ಬೆಳೆಸಿದ ಹೂವಿನ ಗಿಡ, ಬೋರ್‌ವೆಲ್ ಮುಚ್ಚಳ, ಜನರೇಟರು. ನಮ್ಮ ಮನೆ ಮುಂದೆಯೂ ದಾಸವಾಳದ ಸಾಲು ಇತ್ತು. ಕಳೆದ ವರ್ಷ ಕಿತ್ತು ಕಾಂಪೌಂಡ್ ಒಳಗೆ ನೆಟ್ಟೆವು. ಎರಡು ಗಿಡ ಬದುಕಲಿಲ್ಲ, ಅಮ್ಮನಿಗೆ ಬೇಜಾರಾಯಿತು. ಆದರೆ ಅದಾದ ಮೇಲೆಯೇ ಬೇರೆಯವರ ಬಾಗಿಲಿಗೆ ಹೋಗಿ ಕೇಳಲು ನನಗೆ ಬಾಯಿ ಬಂತು.

ಗೋಡೆಗಳ ವಿಷಯಕ್ಕೆ ಮಾತ್ರ ಬೇರೆ ಕೆಲಸ ಬೇಕು. ರಿಂಗ್ ರೋಡ್ ಆಚೀಚೆ ಬಡಾವಣೆಗಳನ್ನು ಮೈಸೂರಿನ ಅಭಿವೃದ್ಧಿ ಪ್ರಾಧಿಕಾರ, ಗೃಹನಿರ್ಮಾಣ ಸಂಘ, ಖಾಸಗಿಯವರು ಬೇರೆ ಬೇರೆಯಾಗಿ ಮಾಡಿದ್ದಾರೆ. ಒಬ್ಬೊಬ್ಬರೂ ತಮ್ಮ ಜಾಗಕ್ಕೆ ಒಂದು ಕಮಾನು, ಸುತ್ತ ಒಂದು ಗೋಡೆ. ಪಕ್ಕದವರ ರಸ್ತೆ ಎಲ್ಲಿ ಮುಗಿಯುತ್ತದೆ ಅಂತ ಯಾರೂ ನೋಡಲಿಲ್ಲ. ಆದರೆ ಬಡಾವಣೆಗೆ ಒಪ್ಪಿಗೆ ಸಿಕ್ಕ ಮೇಲೆ ಅದರ ರಸ್ತೆ, ಪಾರ್ಕುಗಳನ್ನು ಸಾರ್ವಜನಿಕರಿಗೆ ಅಂತ ಬಿಟ್ಟುಕೊಡಬೇಕು. ಅನುಮೋದಿತ ನಕ್ಷೆಯ ಪ್ರತಿಯನ್ನು ಮಾಹಿತಿ ಹಕ್ಕಿನಲ್ಲಿ ಯಾರು ಬೇಕಾದರೂ ಪಡೆಯಬಹುದು. ನಾವು ಎರಡೂ ಬಡಾವಣೆಗಳ ನಕ್ಷೆ ತರಿಸಿ ಊಟದ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟೆವು. ನಮ್ಮ 30 ಅಡಿ ರಸ್ತೆಯ ತುದಿಯೂ ಅವರ ರಸ್ತೆಯ ತುದಿಯೂ ಎದುರುಬದುರೇ ಇವೆ. ಗೋಡೆ ನಿಂತಿರುವುದು ಎರಡು ರಸ್ತೆಗಳ ನಡುವೆ!

ಅದನ್ನು ಪೂರ್ತಿ ಒಡೆದು ಕಾರಿಗೂ ಬಿಡಿ ಅಂತ ನಮ್ಮಲ್ಲೇ ಕೆಲವರು ಅಂದರು. ನಾನು ಒಪ್ಪಲಿಲ್ಲ. ಹಾಗೆ ಮಾಡಿದರೆ ಮುಖ್ಯರಸ್ತೆಯ ಟ್ರಾಫಿಕ್ಕೆಲ್ಲ ನಮ್ಮ ಬೀದಿಯೊಳಗೆ ನುಗ್ಗುತ್ತದೆ. ನಡೆಯುವವರಿಗೆ, ಸೈಕಲ್‌ಗೆ, ವೀಲ್‌ಚೇರಿಗೆ ಎರಡು ಮೀಟರ್ ಸಾಕು. ಗೋಡೆ ಪಕ್ಕದ ಮನೆಯ ಯಜಮಾನರು ನಿವೃತ್ತ ಮೇಷ್ಟ್ರು, ಅವರ ಆಕ್ಷೇಪಣೆ ಬೇರೆ. ‘ಸೈಕಲ್ ಬರಲಿ ಕಣಪ್ಪ, ಹಿಂದೇನೇ ಸ್ಕೂಟರ್ ಬರುತ್ತೆ. ಅದನ್ನ ಹೆಂಗೆ ತಡೀತೀಯ?’ ಅಂದರು. ಅವರ ಮಾತು ಸರಿ. ವೀಲ್‌ಚೇರ್ ಹೋಗುವಷ್ಟು ಸಂದಿ ಬಿಟ್ಟರೆ ಸ್ಕೂಟರೂ ಹೋಗುತ್ತದೆ, ನಡುವೆ ಎಷ್ಟು ಕಂಬ ನೆಟ್ಟರೂ ಅಷ್ಟೆ. ಕಂಬ ಒತ್ತೊತ್ತಾಗಿ ನೆಟ್ಟರೆ ಮೊದಲು ನಿಲ್ಲುವುದು ವೀಲ್‌ಚೇರೇ. ಕೊನೆಗೆ ಸಂದಿಯ ಎರಡೂ ಕಡೆ ದಾರಿಯನ್ನು ಇಂಗ್ಲಿಷ್ ಝಡ್ ಅಕ್ಷರದ ಹಾಗೆ ತಿರುಗಿಸಿ, ವೀಲ್‌ಚೇರಿಗೆ ತಿರುಗಲು ಜಾಗ ಬಿಟ್ಟು, ವೇಗವಾಗಿ ನುಗ್ಗಲು ಆಗದಂತೆ ಮಾಡೋಣ ಅಂತಾಯಿತು. ಒಂದು ದೀಪ. ಬೆಳಿಗ್ಗೆ ಆರರಿಂದ ರಾತ್ರಿ ಎಂಟರವರೆಗೆ ತೆರೆದಿರುವ ಗೇಟು, ಬೀಗದ ಕೈ ಎರಡೂ ಸಂಘದವರ ಹತ್ತಿರ. ಸ್ಕೂಟರ್ ಕಾಟ ಜಾಸ್ತಿಯಾದರೆ ಮತ್ತೆ ಕೂತು ಮಾತಾಡುವುದು.

ಮೇಷ್ಟ್ರು ಮೂರು ತಿಂಗಳ ಪ್ರಯೋಗಕ್ಕೆ ಒಪ್ಪಿದ್ದಾರೆ. ಪ್ರಾಧಿಕಾರಕ್ಕೆ ಎರಡೂ ಸಂಘಗಳ ಸಹಿ ಇರುವ ಅರ್ಜಿ ಕೊಟ್ಟಾಗಿದೆ, ಸ್ಥಳ ಪರಿಶೀಲನೆಗೆ ಬರುತ್ತೇವೆ ಅಂದಿದ್ದಾರೆ. ಜೂನ್‌ನಲ್ಲಿ ಸ್ಕೂಲು ಶುರುವಾಗುವ ಮೊದಲು ಕೆಲಸ ಮುಗಿಯಬೇಕು ಅಂತ ನಮ್ಮ ಆಸೆ. ಮಗಳು ಹಳೇ ಸೈಕಲ್‌ಗೆ ಹೊಸ ಟ್ಯೂಬ್ ಹಾಕಿಸಿಕೊಂಡಿದ್ದಾಳೆ.